ಅರ್ಧ ಇಂಚಿನ ಟ್ಯೂಬ್ ಫ್ಲೈ: ಕಟ್ಟಿದ್ದು, ಕೆಟ್ಟಿದ್ದು, ಕೊನೆಗೆ ಗಾಳ ಕೂತಿದ್ದು

ಸಾಲ್ಮನ್ ಮೀನು ಹಿಡಿಯಲು ಈ ಬೇಸಿಗೆಗೆ ಬೇಕಾದ ಸಣ್ಣ ಟ್ಯೂಬ್ ಫ್ಲೈಗಳನ್ನು, ಅಂದರೆ ನಳಿಕೆಯ ಮೇಲೆ ಕಟ್ಟುವ ಕೃತಕ ಆಮಿಷಗಳನ್ನು, ಅಂತೂ ಕಟ್ಟಿ ಮುಗಿಸಿದೆ. ಕಟ್ಟುವುದಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಅದರ ಹಿಂದೆ ಗಾಳ ಕೂರಿಸುವ ಕೆಲಸ. ಫ್ಲೈ ಕಟ್ಟಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಹಿಂಭಾಗದ ನಾಲ್ಕು ಮಿಲಿಮೀಟರ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಪ್ರಕಾರ ಸಣ್ಣ ಟ್ಯೂಬ್‌ನಲ್ಲಿ ಇರುವ ಕಷ್ಟವೆಲ್ಲ ಅಲ್ಲೇ. ಹಾಗಾಗಿ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನಿರುವುದು ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ. ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಹುಟ್ಟಿ ಬ್ರೇಮಾರ್, ಬ್ಯಾಲಟರ್, ಬ್ಯಾಂಕರಿ ದಾಟಿ ಬರುವ ಡೀ ನದಿ ಇಲ್ಲೇ ಸಮುದ್ರ ಸೇರುತ್ತದೆ. ಮೊಟ್ಟೆ ಇಡಲು ಸಾಲ್ಮನ್ ಸಮುದ್ರದಿಂದ ಈ ನದಿ ಹತ್ತುತ್ತದೆ. ಸಿಹಿನೀರಿಗೆ ಬಂದ ಮೇಲೆ ಅದು ತಿನ್ನುವುದನ್ನೇ ನಿಲ್ಲಿಸುತ್ತದೆ. ಭೀಮೇಶ್ವರಿ ಕಡೆ ಕಾವೇರಿಯಲ್ಲಿ ಮಹಸೀರ್ ಮೀನಿಗೆ ರಾಗಿ ಉಂಡೆ ಹಾಕುತ್ತಿದ್ದರಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಸಿವೇ ಇಲ್ಲದ ಮೀನನ್ನು ಕೆಣಕಿ ಬಾಯಿ ಹಾಕಿಸಬೇಕು. ಅದಕ್ಕೇ ಕೂದಲು, ಗರಿ, ಜರಿ ಸುತ್ತಿದ ಫ್ಲೈ.

ಮಾಮೂಲಿ ಫ್ಲೈಯನ್ನು ಗಾಳದ ಮೇಲೇ ಕಟ್ಟುತ್ತಾರೆ. ಟ್ಯೂಬ್ ಫ್ಲೈಯನ್ನು ಸಣ್ಣ ನಳಿಕೆಯ ಮೇಲೆ ಕಟ್ಟಿ, ದಾರವನ್ನು ನಳಿಕೆಯೊಳಗೆ ತೂರಿಸಿ, ಹಿಂದೆ ಬೇರೆ ಗಾಳ ಕಟ್ಟುತ್ತಾರೆ. ಮೀನು ಸಿಕ್ಕಾಗ ಫ್ಲೈ ದಾರದ ಮೇಲೆ ಜಾರಿಕೊಂಡು ದೂರ ಹೋಗುತ್ತದೆ, ಬಾಯಲ್ಲಿ ಗಾಳ ಮಾತ್ರ ಉಳಿಯುತ್ತದೆ. ಗಾಳ ಮೊಂಡಾದರೆ ಅದೊಂದನ್ನು ಬದಲಿಸಿದರೆ ಸಾಕು. 1945ರ ಸುಮಾರಿಗೆ ಇದೇ ಊರಿನ ಚಾರ್ಲ್ಸ್ ಪ್ಲೇಫೇರ್ ಕಂಪನಿಯಲ್ಲಿ ಫ್ಲೈ ಕಟ್ಟುತ್ತಿದ್ದ ಮೊರಾವ್ಸ್ಕಿ ಎಂಬ ಹೆಂಗಸು ಟರ್ಕಿ ಕೋಳಿಯ ಗರಿಯ ಪೊಳ್ಳು ದಂಟಿನ ಮೇಲೆ ಕಟ್ಟಿದ್ದೇ ಇದಕ್ಕೆಲ್ಲ ಶುರು ಅಂತ ಹೇಳುತ್ತಾರೆ.

ಸಣ್ಣದೇ ಯಾಕೆ ಅಂದರೆ, ಜೂನ್ ಜುಲೈನಲ್ಲಿ ಡೀ ನೀರು ಇಳಿದು ತಳದ ಕಲ್ಲು ಎಣಿಸುವಷ್ಟು ತಿಳಿಯಾಗುತ್ತದೆ. ಆಗ ಎರಡು ಇಂಚಿನ ಫ್ಲೈ ಎಸೆದರೆ ಮೀನು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ ಅಷ್ಟೆ. ನನಗೆ ಬೇಕಿದ್ದದ್ದು ಅರ್ಧ ಇಂಚಿನ ನಳಿಕೆ, ಅಂದರೆ 13 ಮಿ.ಮೀ. ಕೂದಲೂ ಸೇರಿ ಒಟ್ಟು ಒಂದು ಇಂಚು ಚಿಲ್ಲರೆ. ಸ್ಕಾಟ್ಲೆಂಡಿನಲ್ಲಿ ಭಾನುವಾರ ಸಾಲ್ಮನ್ ಹಿಡಿಯುವಂತಿಲ್ಲ, ಕಾನೂನೇ ಹಾಗಿದೆ. ಕೆಲಸವೆಲ್ಲ ಭಾನುವಾರಗಳಲ್ಲೇ ನಡೆಯಿತು.

1. ಸಾಮಾನು, ಖರ್ಚು

ಕಟ್ಟುವಾಗ ಫ್ಲೈಯನ್ನು ಅಲ್ಲಾಡದಂತೆ ಹಿಡಿಯುವ ವೈಸ್ ಮೊದಲೇ ಇತ್ತು, ಸೆಕೆಂಡ್ ಹ್ಯಾಂಡ್, 30 ಪೌಂಡ್ ಕೊಟ್ಟದ್ದು. ನಳಿಕೆ ಹಿಡಿಯುವ ಉಕ್ಕಿನ ಸೂಜಿಗಳ ಸೆಟ್ 8 ಪೌಂಡ್. ಹೊರ ಅಳತೆ 1.8 ಮಿ.ಮೀ. ಇರುವ ಪ್ಲಾಸ್ಟಿಕ್ ನಳಿಕೆ ಒಂದು ಪ್ಯಾಕೆಟ್, ಗಾಳದ ಕಣ್ಣನ್ನು (ದಾರ ಕಟ್ಟುವ ತೂತನ್ನು) ನಳಿಕೆಯ ಹಿಂದೆ ಹಿಡಿದಿಡುವ ಮೆತ್ತನೆಯ ಸಿಲಿಕೋನ್ ಟ್ಯೂಬ್ ಒಂದು ಪ್ಯಾಕೆಟ್, ಎರಡೂ ಸೇರಿ 6 ಪೌಂಡ್ ಚಿಲ್ಲರೆ. ಕಪ್ಪು ಬಣ್ಣ ಹಾಕಿದ ಅಳಿಲಿನ ಬಾಲ 3 ಪೌಂಡ್. ಅದೊಂದು ಬಾಲ ವರ್ಷಗಟ್ಟಲೆ ಬರುತ್ತದೆ. ಬೆಳ್ಳಿ ಬಣ್ಣದ ಚಪ್ಪಟೆ ಜರಿ, 8/0 ಕಪ್ಪು ನೂಲು, ವಾರ್ನಿಷ್ ಮನೆಯಲ್ಲಿದ್ದವು. ಜಾಸ್ತಿ ದುಡ್ಡು ಹೋದದ್ದು ಗಾಳಗಳಿಗೆ. ಒಳ್ಳೆಯ ಸಣ್ಣ ಗಾಳ ಅಗ್ಗಕ್ಕೆ ಸಿಗುವುದಿಲ್ಲ, ಅಗ್ಗದವನ್ನು ಕೊಳ್ಳಲೂಬಾರದು.

ನಳಿಕೆಗೆ ದುಡ್ಡು ಕೊಡುವುದೇಕೆ ಅಂತ ಮೊದಲು ಮನೆಯಲ್ಲಿದ್ದದ್ದರಲ್ಲೇ ನೋಡಿದೆ. ಹಳಬರು ಕಿವಿಗೆ ಹಾಕುವ ಹತ್ತಿಕಡ್ಡಿಯ ಪ್ಲಾಸ್ಟಿಕ್ ದಂಟಿನ ಮೇಲೆ ಕಟ್ಟುತ್ತಿದ್ದರಂತೆ. 2019ರಲ್ಲಿ ಸ್ಕಾಟ್ಲೆಂಡ್ ಆ ಪ್ಲಾಸ್ಟಿಕ್ ಕಡ್ಡಿಯನ್ನೇ ನಿಷೇಧಿಸಿತು, ಈಗ ಸಿಗುವುದೆಲ್ಲ ಕಾಗದದ್ದು. ಅದು ಒದ್ದೆಯಾದರೆ ಮುಗಿಯಿತು. ಆಮೇಲೆ ಬಾಲ್ ಪೆನ್ ರೀಫಿಲ್. ಇಂಕು ತೆಗೆದು ಸ್ಪಿರಿಟ್‌ನಲ್ಲಿ ತೊಳೆದು ಕತ್ತರಿಸಿದೆ. 3 ಮಿ.ಮೀ. ದಪ್ಪದ ನಳಿಕೆ, ಅರ್ಧ ಇಂಚು ಉದ್ದ. ಅದರ ಮೇಲೆ ಏನು ಸುತ್ತಿದರೂ ಗುಂಡು ಗುಂಡಗೆ ಕಾಣುತ್ತದೆ. ತೂತು ದೊಡ್ಡದು, ದಾರ ಒಳಗೆ ಅಲ್ಲಾಡುತ್ತದೆ. ದೊಡ್ಡ ಫ್ಲೈಗಾದರೆ ನಡೆಯುತ್ತಿತ್ತೇನೋ, ಇದಕ್ಕಲ್ಲ.

2. ನಳಿಕೆ ಕತ್ತರಿಸಿ ಅಂಚು ಮಾಡುವುದು

ಕತ್ತರಿಯಲ್ಲಿ ಕತ್ತರಿಸಬೇಡಿ. ನಳಿಕೆಯ ಬಾಯಿ ಅಪ್ಪಚ್ಚಿಯಾಗಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಹೊಸ ಬ್ಲೇಡು ಇಟ್ಟು, ಬೆರಳಿನಿಂದ ನಳಿಕೆಯನ್ನು ಉರುಳಿಸುತ್ತಾ ಕೊಯ್ದರೆ ಅಂಚು ನೇರವಾಗಿ ಬರುತ್ತದೆ. ನಾನು 14 ಮಿ.ಮೀ.ಗೆ ಕತ್ತರಿಸುತ್ತೇನೆ. ಒಂದು ಮಿ.ಮೀ. ಬೆಂಕಿಗೆ ಹೋಗುತ್ತದೆ.

ಮುಂದಿನ ತುದಿಗೆ ಲೈಟರ್ ತೋರಿಸಿ ಸಣ್ಣ ಅಂಚು ಎಬ್ಬಿಸಬೇಕು. ಈ ಅಂಚು ಇಲ್ಲದಿದ್ದರೆ ಕಟ್ಟಿದ ತಲೆ ಮುಂದಕ್ಕೆ ಜಾರಿ ಕಳಚಿಕೊಳ್ಳುತ್ತದೆ, ಜೊತೆಗೆ ಚೂಪಾದ ಬಾಯಿ ದಾರವನ್ನು ತರಿಯುತ್ತದೆ. ಜ್ವಾಲೆಯೊಳಗೆ ಹಿಡಿದರೆ ಪ್ಲಾಸ್ಟಿಕ್ ಕರಗಿ ತೂತೇ ಮುಚ್ಚುತ್ತದೆ. ನನ್ನ ಮೊದಲ ರಾಶಿಯೆಲ್ಲ ಹೀಗೇ ಕಸಕ್ಕೆ ಹೋಯಿತು. ಸೂಜಿಯನ್ನು ತೂತಿನೊಳಗೇ ಬಿಟ್ಟು, ಜ್ವಾಲೆಯ ಪಕ್ಕಕ್ಕೆ ತಂದು, ತುದಿ ಹೊಳೆಯುತ್ತಿದ್ದಂತೆ ತೆಗೆದುಬಿಡಬೇಕು. ಮೇಜಿನ ಮೇಲೆ ಮೆಲ್ಲಗೆ ಒತ್ತಿದರೆ ಅಂಚು ಚಪ್ಪಟೆಯಾಗುತ್ತದೆ.

ಇದನ್ನು ಕಟ್ಟುವ ಮೊದಲೇ ಮಾಡಿ. ಕಟ್ಟಿದ ಮೇಲೆ ಮಾಡಿದರೆ ಕೂದಲು ಸುಟ್ಟ ವಾಸನೆ ಅಡುಗೆಮನೆ ತುಂಬುತ್ತದೆ. "ಏನ್ರೀ ಅದು, ಕೋಳಿ ಸುಡ್ತಿದ್ದೀರಾ?" ಅಂತ ನನ್ನವಳು ಒಳಗಿನಿಂದ ಕೇಳಿದ್ದಾಳೆ.

3. ಲೆಕ್ಕ ಹಾಕಿ ಗುರುತು ಮಾಡುವುದು

ಇದೇ ಮುಖ್ಯ ಹಂತ. ನಾನು ಶುರುವಿನಲ್ಲಿ ಇದನ್ನು ಮಾಡಲೇ ಇಲ್ಲ. ನಳಿಕೆಯ ಉದ್ದಕ್ಕೂ ಜರಿ ಸುತ್ತಿ, ಚೆಂದವಾಗಿ ವಾರ್ನಿಷ್ ಹೊಡೆದು, ಆಮೇಲೆ ಸಿಲಿಕೋನ್ ತೊಡಿಸಲು ಹೋದರೆ ಅದಕ್ಕೆ ಕೂರಲು ಜಾಗವೇ ಇಲ್ಲ. ಜರಿಯ ಮೇಲೆ ಬಲವಂತವಾಗಿ ಏರಿಸಿದರೆ ಜರಿ ಹರಿಯುತ್ತದೆ. ಸ್ವಲ್ಪವೇ ಏರಿಸಿದರೆ ಎರಡು ಸಲ ಎಸೆಯುವಷ್ಟರಲ್ಲಿ ಸಿಲಿಕೋನ್ ಬಿದ್ದುಹೋಗುತ್ತದೆ. ಎರಡು ಇಂಚಿನ ನಳಿಕೆಯಲ್ಲಿ ನಾಲ್ಕು ಮಿ.ಮೀ. ಹೆಚ್ಚುಕಮ್ಮಿ ಆದರೆ ಗೊತ್ತೇ ಆಗುವುದಿಲ್ಲ. ಅರ್ಧ ಇಂಚಿನಲ್ಲಿ ಅದು ಮೂರನೇ ಒಂದು ಭಾಗ.

ಈಗ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಮುಂದಿನ ಅಂಚಿಗೆ 1 ಮಿ.ಮೀ., ತಲೆಗೆ 2, ಮೈಗೆ 6, ಹಿಂದೆ ಖಾಲಿ 4. ಒಟ್ಟು 13. ಖಾಲಿ ಬಿಟ್ಟ ಜಾಗಕ್ಕೆ ಒಂದು ಸುತ್ತು ನೂಲೂ ಹೋಗಬಾರದು.

4. ಕಟ್ಟುವುದು

ಕಟ್ಟಿದ್ದು ಸಿಲ್ವರ್ ಸ್ಟೋಟ್ ಅನ್ನುವ ಮಾದರಿ. ಬೆಳ್ಳಿ ಮೈ, ಕಪ್ಪು ಕೂದಲು, ಅಷ್ಟೇ. ಗಾಳದ ಮೇಲೆ ಕಟ್ಟುವವರು ಬಾಲಕ್ಕೆ ಗೋಲ್ಡನ್ ಫೆಸಂಟ್ ಹಕ್ಕಿಯ ಜುಟ್ಟಿನ ಗರಿ, ಗಂಟಲಿಗೆ ಕಪ್ಪು ಹ್ಯಾಕಲ್ (ಕೋಳಿಯ ಕತ್ತಿನ ಗರಿ) ಹಾಕುತ್ತಾರೆ. ಇಷ್ಟು ಸಣ್ಣದರಲ್ಲಿ ಎರಡನ್ನೂ ಬಿಟ್ಟೆ. ಮೀನು ದೂರು ಕೊಡಲಿಲ್ಲ. ಬಣ್ಣದ ನೀರಿಗೆ ಇರಲಿ ಅಂತ ಹಳದಿ ಕಿತ್ತಳೆ ಕೂದಲಿನ ಕ್ಯಾಸ್ಕೇಡ್ ಅನ್ನುವ ಮಾದರಿಯದ್ದೂ ಕೆಲವು ಕಟ್ಟಿದ್ದೇನೆ. ಅದಕ್ಕೂ ಕ್ರಮ ಒಂದೇ.

ನಳಿಕೆಯನ್ನು ಸೂಜಿಗೆ ತೊಡಿಸಿ, ಅಂಚಿರುವ ಬಾಯಿ ನನ್ನ ಬಲಕ್ಕೆ ಬರುವಂತೆ ವೈಸ್‌ಗೆ ಹಾಕುತ್ತೇನೆ. ನೂಲು ಬಿಗಿ ಮಾಡಿದ ಕೂಡಲೇ ನಳಿಕೆ ಸೂಜಿಯ ಮೇಲೆ ಗಿರಗಿರ ತಿರುಗುತ್ತದೆ. ಸೂಜಿಯ ದಪ್ಪ ಭಾಗಕ್ಕೆ ಬಿಗಿಯಾಗಿ ನೂಕಬೇಕು. ತೀರಾ ಬಿಗಿಯಾದರೆ ನಳಿಕೆಯ ಹಿಂಬಾಯಿ ಹಿಗ್ಗಿ ಸಿಲಿಕೋನ್ ಕೂರುವುದಿಲ್ಲ. ಸೂಜಿಗೆ ಒಂದು ಸುತ್ತು ನೂಲು ಸುತ್ತಿ ಅದರ ಮೇಲೆ ನಳಿಕೆ ಹತ್ತಿಸಿದ್ದು ಸರಿಹೋಯಿತು. ಜಾರುವ ಪ್ಲಾಸ್ಟಿಕ್‌ಗೆ ನೂಲು ಕಚ್ಚಿಕೊಳ್ಳಲಿ ಅಂತ ಮೈ ಭಾಗವನ್ನು ಮರಳು ಕಾಗದದಲ್ಲಿ ಒಂದೆರಡು ಸಲ ಉಜ್ಜುತ್ತೇನೆ.

ಜರಿಯನ್ನು ತಲೆಯ ಹತ್ತಿರ ಕಟ್ಟಿ, ಹಿಂದಿನ ಗುರುತಿನವರೆಗೆ ಸುತ್ತಿಕೊಂಡು ಹೋಗಿ, ಅದರ ಮೇಲೇ ವಾಪಸ್ ಸುತ್ತಿಕೊಂಡು ಬರಬೇಕು. ಹಿಂದೆ ಗಂಟು ಬೀಳುವುದಿಲ್ಲ. ಮೇಲೆ ತೆಳ್ಳಗೆ ವಾರ್ನಿಷ್.

ಕೂದಲು ಎಷ್ಟು ಬೇಕು ಅಂದರೆ, ನಿಮಗೆ ಸಾಕು ಅನ್ನಿಸಿದ್ದರಲ್ಲಿ ಅರ್ಧ. ಅಳಿಲಿನ ಬಾಲದಿಂದ ಬೆಂಕಿಕಡ್ಡಿಯ ಅರ್ಧ ದಪ್ಪದ ಕಟ್ಟು ಕತ್ತರಿಸಿ, ಬುಡದಲ್ಲಿರುವ ತುಪ್ಪಳವನ್ನೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಬಾಚಿ ತೆಗೆದರೆ ಉಳಿಯುವುದೇ ಅಳತೆ. ತುಪ್ಪಳ ಉಳಿದರೆ ತಲೆ ದಪ್ಪಗಾಗುತ್ತದೆ, ಕೂದಲು ಸಡಿಲವಾಗುತ್ತದೆ. ಬುಡವನ್ನು ಓರೆಯಾಗಿ ಕತ್ತರಿಸಿ, ನೂಲಿನ ನಾಲ್ಕು ಸುತ್ತು ಬಿದ್ದ ಮೇಲೆ ಸೂಜಿ ಮೊನೆಯಲ್ಲಿ ಒಂದು ತೊಟ್ಟು ಸೂಪರ್ ಗ್ಲೂ. ಇದನ್ನು ಬಿಟ್ಟು ಕಟ್ಟಿದವುಗಳಲ್ಲಿ ಬೆರಳಿನಿಂದ ಎಳೆದರೆ ಕೂದಲು ಗೊಂಚಲಾಗಿ ಕೈಗೆ ಬಂತು.

ಕೊನೆಯ ಗಂಟು ಹಾಕುವ ಉಪಕರಣ ವೈಸ್‌ನ ಸೂಜಿಗೆ ತಾಗುತ್ತದೆ. ಕೈಯಲ್ಲೇ ಹಾಕಿದೆ. ಮಲ್ಲಿಗೆ ದಂಡೆ ಕಟ್ಟುವಾಗ ಬೆರಳಿಗೆ ದಾರ ಸುತ್ತಿ ಕುಣಿಕೆ ಹಾಕಿ ಎಳೆಯುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೈಚಳಕ.

ತಲೆಗೆ ವಾರ್ನಿಷ್ ಹಾಕುವ ಮೊದಲು ಸೂಜಿಗೆ ಮೇಣದಬತ್ತಿ ಉಜ್ಜಿಕೊಳ್ಳಿ. ವಾರ್ನಿಷ್ ಒಳಗಿಳಿದು ನಳಿಕೆ ಸೂಜಿಗೇ ಅಂಟಿಕೊಂಡು, ಅದನ್ನು ಬಿಡಿಸಲು ಹೋಗಿ ಫ್ಲೈ ಎರಡು ತುಂಡಾಗಿದೆ. ಪೂರ್ತಿ ಒಣಗುವ ಮೊದಲೇ ಒಮ್ಮೆ ಹೊರಳಿಸಿ ಸಡಿಲ ಮಾಡಿಬಿಟ್ಟರೆ ತಲೆನೋವಿಲ್ಲ.

5. ಗಾಳ ಕೂರಿಸುವುದು

ಆಗಬೇಕಾದದ್ದು ಇಷ್ಟು. ಎಸೆಯುವಾಗ, ನೀರಲ್ಲಿ ಈಜುವಾಗ ಗಾಳ ನಳಿಕೆಯ ನೇರಕ್ಕೆ ನಿಲ್ಲಬೇಕು. ಮೀನು ಎಳೆದಾಗ ಮಾತ್ರ ಕಳಚಿಕೊಂಡು ಬರಬೇಕು. ಬಿಗಿಯೂ ಬೇಕು, ಸಡಿಲವೂ ಬೇಕು. ಇದಕ್ಕೆ ನಾನು ನೋಡಿದ ಸಾಮಾನುಗಳು ಇವು.

ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆ: ಮನೆಯೊಳಗೆ ಚೆನ್ನಾಗಿಯೇ ಕೂತಿತು. ನದಿಯ ತಣ್ಣೀರಿಗೆ ಬಿದ್ದ ಕೂಡಲೇ ಕಲ್ಲಿನಂತೆ ಗಟ್ಟಿಯಾಗಿ, ಗಾಳದ ಕಣ್ಣನ್ನು ಹಿಡಿಯುವುದೇ ಬಿಟ್ಟಿತು. ಆಮೇಲೆ ಫ್ರಿಜ್ ನೀರಿನಲ್ಲಿ ಹಾಕಿ ನೋಡಿದೆ, ಅದೇ ಕಥೆ. ಈಗ ಏನೇ ಹೊಸದು ನೋಡುವುದಾದರೂ ಮೊದಲು ಫ್ರಿಜ್ ನೀರು.

ಸೈಕಲ್ ವಾಲ್ ಟ್ಯೂಬ್: ಊರಿಗೆ ಹೋದಾಗ ಸೈಕಲ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಕ್ಕಿತು. ಪಂಪ್ ಹೊಡೆಯುವ ವಾಲ್‌ಗೆ ತೊಡಿಸುವ ಆ ಸಣ್ಣ ರಬ್ಬರ್ ನಳಿಕೆ. ಇಲ್ಲಿಯ ಹಳೆಯ ಗಾಳದವರೂ ಒಂದು ಕಾಲಕ್ಕೆ ಅದನ್ನೇ ಬಳಸುತ್ತಿದ್ದರು. ಹಿಡಿತ ಅದ್ಭುತ, ತಣ್ಣೀರಿಗೂ ಮೆತ್ತಗೇ ಇರುತ್ತದೆ. ತೊಂದರೆ ಒಂದೇ, ರಬ್ಬರ್ ಬೇಗ ಹಳಸುತ್ತದೆ. ಡಬ್ಬಿಯಲ್ಲಿಟ್ಟದ್ದು ಮುಂದಿನ ಸೀಸನ್‌ಗೆ ತೆಗೆದಾಗ ಅಂಟಂಟಾಗಿ ಸೀಳಿತ್ತು. ತುರ್ತಿಗೆ ಇಟ್ಟುಕೊಳ್ಳಬಹುದು.

ಸಿಲಿಕೋನ್: ಉಳಿದುಕೊಂಡದ್ದು ಇದೇ. 8 ಮಿ.ಮೀ. ತುಂಡು. ನಾಲ್ಕು ನಳಿಕೆಯ ಮೇಲೆ, ನಾಲ್ಕು ಗಾಳದ ಕಣ್ಣಿಗೆ. ತೊಡಿಸುವಾಗ ಒಂದು ತೊಟ್ಟು ಎಂಜಲು ಅಥವಾ ನೀರು ಸಾಕು. ಅಂಟು ಹಾಕಿ ಭದ್ರ ಮಾಡೋಣ ಅಂತ ಸೂಪರ್ ಗ್ಲೂ ಬಿಟ್ಟೆ. ಸಿಲಿಕೋನ್‌ಗೆ ಅದು ಸರಿಯಾಗಿ ಅಂಟುವುದೇ ಇಲ್ಲ. ಒಳಗೆ ಹರಿದು ಗಟ್ಟಿಯಾಗಿ ದಾರದ ದಾರಿ ಮುಚ್ಚಿತು ಅಷ್ಟೆ. ನಾಲ್ಕು ಮಿ.ಮೀ. ಖಾಲಿ ಪ್ಲಾಸ್ಟಿಕ್ ಸರಿಯಾಗಿ ಬಿಟ್ಟಿದ್ದರೆ ಅಂಟೇ ಬೇಡ.

ಸಿಲಿಕೋನ್ ಇಲ್ಲದೆ, ಹೆಣೆದ ದಾರದ ಕುಣಿಕೆಯಲ್ಲಿ ಗಾಳ ತೂಗಬಿಡುವ ಕ್ರಮವೂ ಇದೆ. ದೊಡ್ಡ ಫ್ಲೈಗೆ ಸರಿ. ಇಷ್ಟು ಸಣ್ಣದರಲ್ಲಿ ಗಾಳ ಹಿಂದಕ್ಕೆ ಮಡಚಿ ಕೂದಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ.

6. ಯಾವ ಗಾಳ, ಯಾವ ಗಂಟು

12ನೇ ನಂಬರಿನ ಮೂರು ಮೊನೆಯ ಗಾಳದಿಂದ ಶುರು ಮಾಡಿದೆ. ಡೀಯಲ್ಲಿ ಹಿಡಿದ ಸಾಲ್ಮನ್ನನ್ನೆಲ್ಲ ನೀರಿಗೇ ಬಿಡುತ್ತಾರೆ. ಹಾಗಾಗಿ ಮೊನೆಯ ಪಕ್ಕದ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಬೇಕು. ಇಕ್ಕಳವನ್ನು ಅಡ್ಡ ಹಿಡಿದು ಒತ್ತಿದ್ದಕ್ಕೆ ಕೆಲವು ಮೊನೆಗಳು ಟಕ್ ಅಂತ ಮುರಿದವು. ಮೊನೆಯ ಉದ್ದಕ್ಕೆ ಹಿಡಿದು ಮೆಲ್ಲಗೆ ಒತ್ತಿದರೆ ಮುರಿಯುವುದು ಕಡಿಮೆ. ಒತ್ತಿದ ಮೇಲೆ ಹತ್ತಿಯ ಮೇಲೆ ಎಳೆದು ನೋಡಿ, ಎಳೆ ಕಚ್ಚಿಕೊಂಡರೆ ಇನ್ನೂ ಮುಳ್ಳಿದೆ ಅಂತ.

ಆಮೇಲೆ ಹಿಮ್ಮುಳ್ಳೇ ಇಲ್ಲದ ಒಂಟಿ ಗಾಳಕ್ಕೆ ಬಂದೆ, 8ನೇ ನಂಬರು, ಕುಳ್ಳ ಕಾಲಿನದ್ದು. ಮೀನಿನ ಬಾಯಿಂದ ಬಿಡಿಸುವುದು ಒಂದು ಕ್ಷಣದ ಕೆಲಸ. ತೊಂದರೆ ಏನೆಂದರೆ ಅದರ ಕಣ್ಣು ದೊಡ್ಡದು. ಸಣ್ಣ ಸಿಲಿಕೋನ್‌ಗೆ ತುರುಕಿದರೆ ಬಾಯಿ ಸೀಳುತ್ತದೆ, ದೊಡ್ಡ ಸಿಲಿಕೋನ್ ತಂದರೆ ನಳಿಕೆಯಿಂದ ಕಳಚುತ್ತದೆ. ಗಾಳ ಮತ್ತು ಸಿಲಿಕೋನ್ ಒಟ್ಟಿಗೇ ಕೊಳ್ಳಬೇಕು, ಅಂಗಡಿಯಲ್ಲೇ ಒಂದು ತುರುಕಿ ನೋಡಬೇಕು. ಬೇರೆ ಬೇರೆ ಕಡೆ ಬೇರೆ ಬೇರೆ ದಿನ ತಂದರೆ ನನ್ನ ಡ್ರಾಯರ್‌ನಲ್ಲಿರುವಂತೆ ಯಾವುದಕ್ಕೂ ಹೊಂದದ ಪ್ಯಾಕೆಟ್‌ಗಳ ರಾಶಿಯಾಗುತ್ತದೆ.

ಗಂಟಿನ ವಿಷಯ. ಕಣ್ಣಿನ ಜೊತೆ ಗಂಟೂ ಸಿಲಿಕೋನ್ ಒಳಗೆ ಹೋಗಬೇಕು. 15 ಪೌಂಡ್ ತೂಕ ತಡೆಯುವ ದಾರದ ಗಂಟು ಹೋಗಲಿಲ್ಲ, ಗಾಳ ಓರೆಯಾಯಿತು. 10 ಪೌಂಡ್ ನೈಲಾನ್‌ಗೆ ಇಳಿದು, ನಾಲ್ಕು ಸುತ್ತಿನ ಗ್ರಿನ್ನರ್ ಗಂಟು ಹಾಕಿದೆ. ಬಿಗಿ ಮಾಡುವ ಮೊದಲು ಬಾಯಲ್ಲಿ ಒದ್ದೆ ಮಾಡಲೇಬೇಕು, ಇಲ್ಲದಿದ್ದರೆ ನೈಲಾನ್ ಉಜ್ಜಿ ಬಿಸಿಯಾಗಿ ಸೊರಗುತ್ತದೆ. ಗಂಟಿನಿಂದ ಹೊರಗುಳಿದ ದಾರದ ತುದಿಯನ್ನು ಪೂರ್ತಿ ಹತ್ತಿರಕ್ಕೆ ಕತ್ತರಿಸಿ. ಅರ್ಧ ಮಿ.ಮೀ. ಚಾಚಿದ್ದರೂ ಅದು ಸಿಲಿಕೋನ್ ಬಾಯಿಗೆ ತಾಗಿ ಗಾಳವನ್ನು ಒಂದು ಪಕ್ಕಕ್ಕೆ ನೂಕುತ್ತದೆ.

7. ಮನೆಯಲ್ಲಿ ಪರೀಕ್ಷೆ

ಸೂಟ್‌ಕೇಸ್ ತೂಗುವ ತಕ್ಕಡಿಗೆ ದಾರ ಕಟ್ಟಿ, ಫ್ಲೈಯನ್ನು ಬೆರಳಲ್ಲಿ ಹಿಡಿದು, ಗಾಳ ಕಳಚುವವರೆಗೆ ಎಳೆದೆ. ಅರ್ಧ ಕಿಲೋಗಿಂತ ಕಮ್ಮಿಗೇ ಕಳಚಿದರೆ ಪಾಸು. ಕೈಯಲ್ಲಿ ಅಲ್ಲಾಡಿಸಿದರೇ ಬೀಳುವವು, ಬಲವಾಗಿ ಎಳೆದರೂ ಬರದವು, ಎರಡನ್ನೂ ಬಿಚ್ಚಿ ಸಿಲಿಕೋನ್ ಬದಲಿಸಿದೆ.

ಆಮೇಲೆ ಬಾತ್‌ಟಬ್. ನೀರು ತುಂಬಿ ಫ್ಲೈಯನ್ನು ದಾರದಲ್ಲಿ ಎಳೆದುಕೊಂಡು ಹೋದರೆ ಅದರ ನಡತೆಯೆಲ್ಲ ಕಾಣುತ್ತದೆ. ಕೂದಲು ಜಾಸ್ತಿಯಾದದ್ದು ಪಕ್ಕಕ್ಕೆ ಮಗುಚಿ ಮಲಗಿಕೊಂಡು ಬಂತು. ಒಂಟಿ ಗಾಳದ ಮೊನೆ ಕೆಳಗೆ ಬರುವಂತೆ ಸಿಲಿಕೋನ್‌ನಲ್ಲಿ ತಿರುಗಿಸಿಟ್ಟರೆ ಅದರ ಭಾರಕ್ಕೇ ಫ್ಲೈ ನೆಟ್ಟಗೆ ನಿಂತಿತು. ಹಾಗೂ ಮಗುಚಿದವಕ್ಕೆ ಕತ್ತರಿ ಹಾಕಿ ಕೂದಲು ಕಿತ್ತೆ. ಎಸೆದು ನೋಡಿದ್ದು ಡೂಥಿ ಪಾರ್ಕಿನ ಹುಲ್ಲಿನ ಮೇಲೆ, ಮೊನೆ ಕತ್ತರಿಸಿದ ಗಾಳ ಹಾಕಿ. ನಾಯಿ ವಾಕಿಂಗಿಗೆ ಬಂದವರು ನೀರಿಲ್ಲದ ಕಡೆ ಗಾಳ ಎಸೆಯುವವನನ್ನು ನೋಡಿ ನಕ್ಕು ಮುಂದೆ ಹೋದರು.

8. ನದಿಯಲ್ಲಿ

ಸ್ಕಾಟ್ಲೆಂಡಿನಲ್ಲಿ ಸಾಲ್ಮನ್‌ಗೆ ಸರ್ಕಾರಿ ರಾಡ್ ಲೈಸೆನ್ಸ್ ಬೇಡ, ಆದರೆ ಆ ದಂಡೆಯ ಹಕ್ಕುದಾರರ ಪರ್ಮಿಟ್ ಇಲ್ಲದೆ ಇಳಿಯುವಂತಿಲ್ಲ. ಬ್ಯಾಂಕರಿಗಿಂತ ಮೇಲೆ ಒಂದು ದಿನದ ಪರ್ಮಿಟ್ ತೆಗೆದುಕೊಂಡೆ. ನದಿ ನೋಡಿಕೊಳ್ಳುವ ಗಿಲ್ಲಿ ನನ್ನ ಡಬ್ಬಿ ತೆಗೆಸಿ ನೋಡಿದ. ಫ್ಲೈ ಬಗ್ಗೆ ಒಂದು ಮಾತಿಲ್ಲ. ಗಾಳವನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದ, ಸಿಲಿಕೋನ್ ಎಳೆದು ನೋಡಿದ, ತಲೆಯಾಡಿಸಿ ವಾಪಸ್ ಕೊಟ್ಟ.

ಬೆಳಿಗ್ಗೆ ಒಂದು ಬಲವಾದ ಜಗ್ಗು ಬಂತು, ಮೀನು ನಿಲ್ಲಲಿಲ್ಲ. ದಾರ ಸುತ್ತಿಕೊಂಡು ನೋಡಿದರೆ ಗಾಳ ಸಿಲಿಕೋನ್‌ನಿಂದ ಹೊರಗೆ ಜೋತಾಡುತ್ತಿತ್ತು. ಜಗ್ಗಿದ್ದಕ್ಕೆ ಕಳಚಿತೋ, ಮೊದಲೇ ಕಳಚಿ ಓರೆಯಾಗಿ ಈಜುತ್ತಿತ್ತೋ ಹೇಳಲಾಗುವುದಿಲ್ಲ. ಆಮೇಲೆ ಪ್ರತಿ ಹತ್ತು ಎಸೆತಕ್ಕೊಮ್ಮೆ ಗಾಳವನ್ನು ಮುಟ್ಟಿ ನೋಡುವುದು ಅಭ್ಯಾಸ ಮಾಡಿಕೊಂಡೆ. ಹಿಂದೆ ಯಾವುದಾದರೂ ಕಲ್ಲಿಗೆ ತಾಗಿದ ಅನುಮಾನ ಬಂದರೆ ಕೂಡಲೇ.

ಸಂಜೆ ಹೊತ್ತಿಗೆ ಒಂದು ಗ್ರಿಲ್ಸ್ ಸಿಕ್ಕಿತು. ಸಮುದ್ರದಲ್ಲಿ ಒಂದೇ ಚಳಿಗಾಲ ಕಳೆದು ಬರುವ ಎಳೆ ಸಾಲ್ಮನ್‌ಗೆ ಹಾಗನ್ನುತ್ತಾರೆ. ನಾಲ್ಕೈದು ಪೌಂಡ್ ತೂಕ ಇದ್ದೀತು. ಬಲೆಗೆ ಬಂದಾಗ ಫ್ಲೈ ದಾರದ ಮೇಲೆ ಒಂದಡಿ ದೂರದಲ್ಲಿ ಕೂತಿತ್ತು, ಒಂದು ಕೂದಲೂ ಕೊಂಕಿರಲಿಲ್ಲ. ಒಂಟಿ ಗಾಳ ದವಡೆಯ ಮೂಲೆಯಲ್ಲಿತ್ತು. ನೀರಿನಿಂದ ಎತ್ತದೆ ಬಿಡಿಸಿದೆ, ಮೀನು ಹೋಯಿತು.

9. ಇನ್ನೂ ಸರಿಹೋಗದ್ದು

ಹಿಚ್ ಟ್ಯೂಬ್ ಅಂತ ಒಂದಿದೆ. ದಾರವನ್ನು ಮುಂದಿನ ಬಾಯಿಂದಲ್ಲದೆ ನಳಿಕೆಯ ಪಕ್ಕದ ತೂತಿನಿಂದ ಒಳಗೆ ತೂರಿಸುತ್ತಾರೆ. ಆಗ ಫ್ಲೈ ನೀರಿನ ಮೇಲ್ಮೈಯಲ್ಲಿ ಗೆರೆ ಎಳೆಯುತ್ತಾ ಹೋಗುತ್ತದೆ. ನ್ಯೂಫೌಂಡ್‌ಲ್ಯಾಂಡಿನ ಪೋರ್ಟ್‌ಲ್ಯಾಂಡ್ ಕ್ರೀಕ್‌ನಲ್ಲಿ ದಾರದ ಕುಣಿಕೆ ಹಾಕಿ ಮಾಡುತ್ತಿದ್ದುದನ್ನು ಐಸ್‌ಲ್ಯಾಂಡಿನವರು ಸಣ್ಣ ಟ್ಯೂಬ್‌ಗೆ ತಂದು ಬಹಳ ಬಳಸುತ್ತಾರೆ. ಕಾಯಿಸಿದ ಸೂಜಿಯಲ್ಲಿ ತಲೆಯ ಹಿಂದೆ, ಕೆಳಗಡೆಗೆ ತೂತು ಮಾಡಿದೆ. ತೂತಿನ ಅಂಚು ಒರಟಾಗಿ ಉಳಿದು, ಒಂದು ಗಂಟೆ ಎಸೆಯುವಷ್ಟರಲ್ಲಿ ನೈಲಾನ್ ಬೆಳ್ಳಗೆ ತರಿದುಹೋಯಿತು. ಸೂಜಿಯನ್ನು ಇನ್ನಷ್ಟು ಕಾಯಿಸಿದರೆ ತೂತು ನಯವಾಗುತ್ತದೆ, ಆದರೆ ನಳಿಕೆ ಅಲ್ಲೇ ಬಗ್ಗುತ್ತದೆ. ಒಳಗೆ ಒಂದು ಸೂಜಿ ಇಟ್ಟುಕೊಂಡು ಹೊರಗಿನಿಂದ ತೂತು ಹಾಕಿದರೆ ಬಗ್ಗುವುದು ನಿಲ್ಲಬಹುದು. ಬರುವ ಭಾನುವಾರ ಅದನ್ನು ನೋಡಬೇಕು.

ಅಲ್ಲಿಯವರೆಗೆ ಡಬ್ಬಿಯ ವಿಷಯ. ಫ್ಲೈಗಳನ್ನು ಗಾಳ ಸಮೇತ ಇಡುವುದಿಲ್ಲ. ಸಿಲಿಕೋನ್ ತೊಡಿಸಿದ ಫ್ಲೈಗಳು ಒಂದು ಡಬ್ಬಿ, ಗಾಳಗಳು ನಂಬರ್ ಬರೆದ ಇನ್ನೊಂದು ಡಬ್ಬಿ. ಒದ್ದೆ ಗಾಳವನ್ನು ಹಾಗೇ ಮುಚ್ಚಿಟ್ಟರೆ ತುಕ್ಕು ಹಿಡಿಯುತ್ತದೆ, ಪಕ್ಕದ ಹೊಸ ಗಾಳಕ್ಕೂ ಹಬ್ಬುತ್ತದೆ. ಮನೆಗೆ ಬಂದ ಕೂಡಲೇ ಎರಡೂ ಡಬ್ಬಿ ತೆರೆದು ರಾತ್ರಿಯೆಲ್ಲ ಹೀಟರ್ ಪಕ್ಕ ಇಡುತ್ತೇನೆ.